ನರಸಾಪುರ ಕಡೆ ಬಂಗಾಳಿ ಮಾತಾಡುವ ಬಾಡಿಗೆದಾರರು: ತಪಾಸಣೆ ಹೇಗೆ, ಎಲ್ಲಿಯವರೆಗೆ?

ನರಸಾಪುರ_ವಠಾರ

ಎಲ್ಲರಿಗೂ ನಮಸ್ಕಾರ. ಕೋಲಾರ ತಾಲ್ಲೂಕು, ನರಸಾಪುರ ಇಂಡಸ್ಟ್ರಿಯಲ್ ಏರಿಯಾ ಪಕ್ಕದ ಹಳ್ಳಿ. 14 ಕೋಣೆಯ ಶೀಟ್ ಮನೆ ಸಾಲು. ಅದರಲ್ಲಿ 9 ಕೋಣೆಯವರು ಬಂಗಾಳಿ ಮಾತಾಡುವವರು. ಹೇಳುವ ಊರು ಪಶ್ಚಿಮ ಬಂಗಾಳದ ಮುರ್ಷಿದಾಬಾದ್, ಕೂಚ್‌ಬಿಹಾರ್, ಅಸ್ಸಾಮಿನ ಬರ್ಪೇಟಾ. ಎರಡು ಕೋಣೆಯಲ್ಲಿ ಹೆಂಗಸರು ಮಕ್ಕಳಿದ್ದಾರೆ, ಮಿಕ್ಕವರೆಲ್ಲ ಮೇಸ್ತ್ರಿ ಕರೆತಂದ ಗಂಡಸರು. ಕೈಯಲ್ಲಿರುವುದು ಆಧಾರ್ ಜೆರಾಕ್ಸ್ ಮಾತ್ರ.

ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಈಗ ಒಂದೇ ಮಾತು: "ಇವರು ಬಾಂಗ್ಲಾದವರು, ಒಳಗೆ ಉಗ್ರರು ಸೇರಿಕೊಂಡಿರ್ತಾರೆ, ಭಾನುವಾರ ಹೋಗಿ ಖಾಲಿ ಮಾಡಿಸೋಣ." ಸುಮ್ಮನೆ ಇದ್ದುಬಿಡೋಕೂ ಆಗಲ್ಲ, ಕೂಲಿಯವರನ್ನ ಬೀದಿಗೆ ತಳ್ಳೋಕೂ ಮನಸ್ಸು ಬರಲ್ಲ. ಗೊತ್ತಿರುವವರು ಹೇಳಿ: ಆಧಾರ್ ಅಸಲಿಯೋ ಅಲ್ಲವೋ ನೋಡೋದು ಹೇಗೆ? ಅದು ಅಸಲಿ ಆದರೆ ಸಾಕಾ? ಪೊಲೀಸರಿಗೆ ಏನು, ಯಾವ ರೂಪದಲ್ಲಿ ಕೊಡಬೇಕು? ಒಬ್ಬರ ಮೇಲೆ ನಿಜವಾಗಿ ಅನುಮಾನ ಬಂದರೆ ಹೆಂಡತಿ ಮಕ್ಕಳ ಕಥೆ ಏನು?

ಕಾಗದ_ಪತ್ರ

ಮೊದಲು ಆ ಜೆರಾಕ್ಸ್ ಬದಿಗಿಡಿ. ಜೆರಾಕ್ಸ್ ನೋಡಿ ಅಸಲಿ ನಕಲಿ ಹೇಳೋಕೆ ಯಾರಿಂದಲೂ ಆಗಲ್ಲ.

ಮೂಲ ಕಾರ್ಡು ತರಿಸಿ, ಆ ಮನುಷ್ಯ ಎದುರಿಗಿರುವಾಗಲೇ ಆಧಾರ್ ಪ್ರಾಧಿಕಾರದ (ಯುಐಡಿಎಐ) ಅಧಿಕೃತ ಆ್ಯಪ್‌ನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ. ಈಚಿನ ಕಾರ್ಡುಗಳ ಕ್ಯೂಆರ್ ಒಳಗೆ ಹೆಸರು, ವಿಳಾಸ, ಫೋಟೋ ಎಲ್ಲ ಇರುತ್ತೆ, ಜೊತೆಗೆ ಪ್ರಾಧಿಕಾರದ ಡಿಜಿಟಲ್ ಸಹಿ. ಆ್ಯಪ್‌ನಲ್ಲಿ ಮೂಡುವ ಫೋಟೋ, ಕಾರ್ಡಿನ ಮೇಲಿನ ಫೋಟೋ, ಎದುರಿಗಿರುವ ಮುಖ, ಮೂರೂ ಒಂದೇ ಇರಬೇಕು. ಬೇರೊಬ್ಬರ ಅಸಲಿ ಕಾರ್ಡಿನ ಮೇಲೆ ಹೆಸರು, ಫೋಟೋ ಬದಲಾಯಿಸಿ ಪ್ರಿಂಟ್ ತೆಗೆದಿದ್ದರೆ ಕ್ಯೂಆರ್ ಹಳೆಯದೇ ಉಳಿದಿರುತ್ತೆ. ಸ್ಕ್ಯಾನ್ ಮಾಡಿದ ಕೂಡಲೇ ಬೇರೆ ಹೆಸರು ಎದ್ದು ಬರುತ್ತೆ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಮಾಮೂಲಿ ಕ್ಯೂಆರ್ ಸ್ಕ್ಯಾನರ್‌ನಲ್ಲಿ ನೋಡಿದರೆ ಬರೀ ಅಂಕಿಗಳ ಉದ್ದ ಸಾಲು ಕಾಣುತ್ತೆ. ಅದು ನಕಲಿಯ ಲಕ್ಷಣ ಅಲ್ಲ, ಆ ಕ್ಯೂಆರ್ ಇರುವುದೇ ಹಾಗೆ. ಆಧಾರ್‌ನದೇ ಆ್ಯಪ್ ಬೇಕು. ಹಳೆಯ ಕಾಲದ ಕಾರ್ಡುಗಳ ಕ್ಯೂಆರ್‌ನಲ್ಲಿ ಫೋಟೋ, ಸಹಿ ಎರಡೂ ಇರಲಿಲ್ಲ. ಅಂಥದ್ದು ಬಂದರೆ ಅವರ ಫೋನಿನಲ್ಲೇ, ಅವರ ಕೈಯಲ್ಲೇ ಹೊಸ ಇ-ಆಧಾರ್ ಡೌನ್‌ಲೋಡ್ ಮಾಡಿಸಿ. ಒಟಿಪಿ ನೀವು ಕೇಳಬೇಡಿ. ಸಂಖ್ಯೆ 0 ಅಥವಾ 1ರಿಂದ ಶುರುವಾಗಿದ್ದರೆ ಸ್ಕ್ಯಾನ್ ಕೂಡ ಬೇಡ, ಅಂಥ ಆಧಾರ್ ಸಂಖ್ಯೆಯೇ ಇಲ್ಲ. ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಸಂಖ್ಯೆ ಹಾಕಿ ನೋಡಿದರೆ ವಯಸ್ಸಿನ ಶ್ರೇಣಿ, ಲಿಂಗ, ರಾಜ್ಯ, ಮೊಬೈಲಿನ ಕೊನೆಯ 3 ಅಂಕಿ ತೋರಿಸುತ್ತೆ. ರಾಜ್ಯ ಪಶ್ಚಿಮ ಬಂಗಾಳ ಅಂತ ಬಂದು ಕೈಯಲ್ಲಿರುವ ಕಾರ್ಡಿನಲ್ಲಿ ಬರ್ಪೇಟಾ ಇದ್ದರೆ ಯಾಕೆ ಅಂತ ಕೇಳಬೇಕಾದ ವಿಷಯ. ವಿಳಾಸ ಬದಲಾಯಿಸಿಕೊಂಡಿರಲೂಬಹುದು.

ಎರಡನೇ ಪ್ರಶ್ನೆಗೆ: ಸಾಲದು. ಆಧಾರ್ ಪೌರತ್ವಕ್ಕೆ ಸಾಕ್ಷಿ ಅಲ್ಲ ಅಂತ 2016ರ ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತೆ. ಅರ್ಜಿಗೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸ ಇದ್ದವರಿಗೆ ಕೊಡುವ ಸಂಖ್ಯೆ ಅದು, ಕಾನೂನುಬದ್ಧವಾಗಿ ಇರುವ ವಿದೇಶಿಯರಿಗೂ ಸಿಗುತ್ತೆ. ಆಧಾರ್ ಹೇಳೋದು "ಈ ಮುಖ, ಈ ಬೆರಳು, ಈ ಹೆಸರು ಒಂದೇ" ಅಂತ ಮಾತ್ರ. ಬಾಡಿಗೆ ಮನೆ ಯಜಮಾನನಿಗೆ ಅಷ್ಟು ಗೊತ್ತಾದರೆ ಅವನ ಪಾಲಿನ ಮುಕ್ಕಾಲು ಕೆಲಸ ಮುಗೀತು. ಪೌರತ್ವ ತೀರ್ಮಾನಿಸೋದು ನಿಮ್ಮ ಕೆಲಸವೂ ಅಲ್ಲ, ಗ್ರೂಪಿನವರ ಕೆಲಸವಂತೂ ಅಲ್ಲವೇ ಅಲ್ಲ.

ಇನ್ನೊಂದು ಕಾಗದ ಬೇಕು ಅನಿಸಿದರೆ ವೋಟರ್ ಐಡಿ ಕೇಳಿ, ಚುನಾವಣಾ ಆಯೋಗದ ಸೈಟಿನಲ್ಲಿ ಆ ಸಂಖ್ಯೆ ಹಾಕಿ ಹುಡುಕಿ. ಹೆಸರು, ಮತಗಟ್ಟೆ ಬರುತ್ತೆ. ನಮ್ಮ ಕಣ್ಣಿಗೆ ಪರಿಚಿತವಾಗಿರುವುದು 3 ಅಕ್ಷರ, 7 ಅಂಕಿಯ ಸಂಖ್ಯೆ. ಬಂಗಾಳದ ಹಳೇ ಕಾರ್ಡುಗಳಲ್ಲಿ "ಡಬ್ಲ್ಯುಬಿ" ಅಂತ ಶುರುವಾಗಿ ನಡುವೆ ಓರೆಗೆರೆ ಹಾಕಿದ ಉದ್ದ ಸಂಖ್ಯೆ ಇರುತ್ತೆ. ಅದೂ ಅಸಲಿಯೇ.

ಈಗ ಹೆಸರಿನ ವಿಷಯ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ಬಂಗಾಳ, ಅಸ್ಸಾಮಿನ ಹಳ್ಳಿಯ ಮುಸ್ಲಿಂ ಹೆಂಗಸರಿಗೆ ಮದುವೆಗೆ ಮುಂಚೆ ಹೆಸರಿನ ಹಿಂದೆ "ಖಾತುನ್", ಮದುವೆಯಾದ ಮೇಲೆ "ಬೀಬಿ", ಗಂಡ ಸತ್ತರೆ "ಬೇವಾ". ಒಬ್ಬಳೇ ಹೆಂಗಸಿನ ಶಾಲೆಯ ಕಾಗದ, ವೋಟರ್ ಐಡಿ, ಬ್ಯಾಂಕ್ ಪುಸ್ತಕದಲ್ಲಿ ಮೂರು ಹೆಸರು ಕಾಣುತ್ತೆ. ಶೇಖ್ ಅನ್ನೋದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಥರ ಬರೀತಾರೆ. ಹುಟ್ಟಿದ ದಿನ ಜನವರಿ 1 ಅಂತ ಇದ್ದರೆ ನಕಲಿ ಅಂದುಕೊಳ್ಳಬೇಡಿ; ದಿನಾಂಕ ಗೊತ್ತಿಲ್ಲದವರಿಗೆ ವರ್ಷ ಅಂದಾಜು ಮಾಡಿ ಹಾಕೋದೇ ಹಾಗೆ. ನಮ್ಮ ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಹಳಬರ ಕಾರ್ಡು ತೆಗೆದು ನೋಡಿ, ಅರ್ಧ ಊರು ಒಂದೇ ದಿನ ಹುಟ್ಟಿರುತ್ತೆ.

ಕೂಚ್‌ಬಿಹಾರ್‌ನವರಿದ್ದರೆ ಇನ್ನೊಂದು ಗಮನಿಸಿ. 2015ರ ಜುಲೈ 31ರ ಮಧ್ಯರಾತ್ರಿ ಎರಡೂ ದೇಶ ಗಡಿಯೊಳಗಿನ ತುಂಡು ಭೂಮಿಗಳನ್ನು ಬದಲಾಯಿಸಿಕೊಂಡವು. ಭಾರತದೊಳಗಿದ್ದ ಬಾಂಗ್ಲಾದೇಶದ 51 ತುಂಡು ನಮ್ಮದಾದವು, ಅವರ ನೆಲದೊಳಗಿದ್ದ ನಮ್ಮ 111 ಅವರದಾದವು. ನಮ್ಮದಾದ ಆ 51 ತುಂಡುಗಳ ಜನಕ್ಕೆ ಭಾರತದ ಪೌರತ್ವ ಬಂದದ್ದೇ ಆಮೇಲೆ. 45 ವರ್ಷದವನ ಹತ್ತಿರ 2015ಕ್ಕಿಂತ ಹಿಂದಿನ ಒಂದು ಚೀಟಿಯೂ ಇಲ್ಲದಿರಬಹುದು, ಆದರೂ ಅವನು ಪಕ್ಕಾ ಭಾರತೀಯ.

ಮೂರು_ಭಾಷೆ_ಮುಳಬಾಗಿಲು

ಗ್ರೂಪಿನಲ್ಲಿ "ಭಾಷೆ ಕೇಳಿದರೇ ಗೊತ್ತಾಗುತ್ತೆ" ಅನ್ನುವವರು ಇದ್ದೇ ಇರ್ತಾರೆ, ಅವರಿಗೆ ಇದನ್ನು ತೋರಿಸಿ. ಸಿಲ್ಹೆಟಿ ಮಾತು ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲೂ ಇದೆ, ಅಸ್ಸಾಮಿನ ಬರಾಕ್ ಕಣಿವೆಯಲ್ಲೂ ಇದೆ. ಬಾಂಗ್ಲಾದೇಶದ ರಂಗಪುರದ ಮಾತು ಕೂಚ್‌ಬಿಹಾರ್‌ನಲ್ಲೂ ಅದೇ. "ನೀರಿಗೆ ಪಾನಿ ಅಂದರೆ ಬಾಂಗ್ಲಾದವನು, ಜಲ್ ಅಂದರೆ ನಮ್ಮವನು" ಅನ್ನೋ ಪರೀಕ್ಷೆ ಇನ್ನೂ ತಮಾಷೆ. ಗಡಿಯ ಎರಡೂ ಕಡೆ ಬಂಗಾಳಿ ಮುಸ್ಲಿಮರು ಪಾನಿ ಅನ್ತಾರೆ, ಹಿಂದೂಗಳು ಜಲ್ ಅನ್ತಾರೆ. ಅದು ಹಿಡಿಯೋದು ಧರ್ಮವನ್ನ, ದೇಶವನ್ನಲ್ಲ. ಮುಳಬಾಗಿಲಿನವನು ತೆಲುಗು ಮಾತಾಡಿದ ಅಂತ ಅವನನ್ನ ಪಲಮನೇರಿಗೆ ಬಸ್ಸು ಹತ್ತಿಸ್ತೀರಾ? ಕೆಜಿಎಫ್‌ನವರು ತಮಿಳು ಮಾತಾಡಿದರೆ ಹೊಸೂರಿಗಾ?

ಗಡಿ_ಗೇಟು

ಮೇಲಿನವರ ಮಾತು ಸರಿ. ಆದರೆ ಹೆದರಿಕೆಯೆಲ್ಲ ಬರೀ ಕಟ್ಟುಕಥೆ ಅಂದುಬಿಟ್ಟರೆ ಅದೂ ತಪ್ಪೇ. 2014ರ ಅಕ್ಟೋಬರ್ 2ರಂದು ಪಶ್ಚಿಮ ಬಂಗಾಳದ ಬರ್ಧಮಾನ್‌ನ ಖಾಗ್ರಾಗಢದಲ್ಲಿ ಬಾಡಿಗೆ ಮನೆಯೊಂದರಲ್ಲಿ ಬಾಂಬ್ ಕಟ್ಟುವಾಗಲೇ ಸಿಡಿಯಿತು. ಅದರ ಹಿಂದೆ ಇದ್ದದ್ದು ಜಮಾತ್-ಉಲ್-ಮುಜಾಹಿದೀನ್ ಬಾಂಗ್ಲಾದೇಶ್, ಅಂದರೆ ಜೆಎಂಬಿ ಅನ್ನೋ ಉಗ್ರ ಸಂಘಟನೆ. ಅದೇ ಪ್ರಕರಣದ ಎಳೆ ಹಿಡಿದು ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ 2018ರ ಆಗಸ್ಟ್‌ನಲ್ಲಿ ರಾಮನಗರದಲ್ಲಿ ಒಬ್ಬನನ್ನ ಹಿಡಿಯಿತು, 2019ರ ಜೂನ್‌ನಲ್ಲಿ ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬನನ್ನ. ಎರಡೂ ನಮ್ಮ ಆಚೀಚೆಯ ಊರುಗಳೇ. ಇಬ್ಬರೂ ಬಾಡಿಗೆಗಿದ್ದವರು.

ಈಗ ಇದನ್ನ ಸ್ವಲ್ಪ ಹತ್ತಿರದಿಂದ ನೋಡಿ. ರಾಮನಗರದವನು ಬಾಂಗ್ಲಾದೇಶದವನು. ದೊಡ್ಡಬಳ್ಳಾಪುರದಲ್ಲಿ ಸಿಕ್ಕವನು ಬಂಗಾಳದ ಬೀರಭೂಮ್ ಜಿಲ್ಲೆಯ ಭಾರತೀಯ, ಅವನ ಕಾಗದಪತ್ರ ತಪಾಸಣೆಯಲ್ಲಿ ಪಾಸಾಗಿಬಿಡುತ್ತೆ. 2024ರ ಮಾರ್ಚ್ 1ರ ಬೆಂಗಳೂರು ಕೆಫೆ ಸ್ಫೋಟದ ಇಬ್ಬರು ಮುಖ್ಯ ಆರೋಪಿಗಳು ತೀರ್ಥಹಳ್ಳಿಯವರು, ಕನ್ನಡ ಮಾತಾಡುವವರು. ಏಪ್ರಿಲ್ 12ರಂದು ಸಿಕ್ಕಿಬಿದ್ದದ್ದು ಬಂಗಾಳದಲ್ಲಿ, ಸುಳ್ಳು ಹೆಸರಿನಲ್ಲಿ ಅಡಗಿದ್ದಾಗ. ಅಂದರೆ ಅಲ್ಲಿಯವರಿಗೆ ನಾವು ಹೊರಗಿನವರು. ವಿದೇಶಿ ಯಾರು ಅನ್ನೋದು ಒಂದು ಪ್ರಶ್ನೆ, ಅಪಾಯಕಾರಿ ಯಾರು ಅನ್ನೋದು ಬೇರೆಯೇ ಪ್ರಶ್ನೆ. ಒಂದರ ಜರಡಿಯಲ್ಲಿ ಇನ್ನೊಂದು ಸಿಗಲ್ಲ. ಎರಡನ್ನೂ ಕಲಸಿ 9 ಕೋಣೆ ಖಾಲಿ ಮಾಡಿಸೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಯುರೋಪಿನಲ್ಲೂ ಇದೇ ಆಯಿತು. 2015ರ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ 130 ಜನ ಸತ್ತರು. ದಾಳಿಕೋರರಲ್ಲಿ ಇಬ್ಬರು ಅಕ್ಟೋಬರ್ ಆರಂಭದಲ್ಲಿ ಗ್ರೀಸ್‌ನ ಲೆರೋಸ್ ದ್ವೀಪಕ್ಕೆ ನಿರಾಶ್ರಿತರ ಜೊತೆ ಸಿರಿಯಾದ ಸುಳ್ಳು ಪಾಸ್‌ಪೋರ್ಟ್ ಹಿಡಿದು ಬಂದಿದ್ದರು. ಹೆಚ್ಚಿನವರು ಫ್ರಾನ್ಸ್, ಬೆಲ್ಜಿಯಂ ದೇಶದ ಪ್ರಜೆಗಳೇ. ಲೆರೋಸ್‌ನಲ್ಲಿ ಬೆರಳಚ್ಚು ತೆಗೆದಿದ್ದರು, ಹೋಲಿಸಿ ನೋಡೋಕೆ ಆಗ ಎದುರಿಗೆ ಏನೂ ಇರಲಿಲ್ಲ. ಸತ್ತ ಮೇಲೆ ಹೊಂದಿತು. ಬಂದವರನ್ನ ದಾಖಲು ಮಾಡಿದ್ದರಿಂದಲೇ ದಾರಿ ಪತ್ತೆಯಾಯಿತು, ಓಡಿಸಿದ್ದರಿಂದಲ್ಲ.

ಗಡಿಗೆ ಬೇಲಿ ಹಾಕಿದರೆ ಮುಗೀತು ಅನ್ನುವವರಿಗೆ: ಬಾಂಗ್ಲಾದೇಶದ ಜೊತೆ ನಮ್ಮ ಗಡಿ 4,096 ಕಿ.ಮೀ., ಬಂಗಾಳದ್ದೊಂದೇ 2,217. ಅಸ್ಸಾಮಿನ ಧುಬ್ರಿಯ ಬಳಿ ಬ್ರಹ್ಮಪುತ್ರದ ಮರಳುದಿಬ್ಬಗಳು ಪ್ರತಿ ಮಳೆಗಾಲಕ್ಕೆ ಜಾಗ ಬದಲಾಯಿಸುತ್ತವೆ, ಕಂಬ ನೆಟ್ಟರೆ ಎಲ್ಲಿ ನಿಲ್ಲಬೇಕು? ಬೇಲಿ ಇರುವ ಕಡೆಯೂ ಅದು ಗಡಿಗೆರೆಯಿಂದ 150 ಗಜ ಒಳಗಿರುತ್ತೆ. ಹಾಗಾಗಿ ಬೇಲಿಯಾಚೆಗೆ ನಮ್ಮವರದೇ ಹೊಲ, ಕೆಲವು ಕಡೆ ಮನೆಗಳೂ ಇವೆ. ಆ ರೈತ ಬೆಳಿಗ್ಗೆ ಬಿಎಸ್‌ಎಫ್ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಬರೆಸಿ ಉಳುಮೆಗೆ ಹೋಗ್ತಾನೆ, ಗೇಟು ಹಾಕುವ ಹೊತ್ತಿಗೆ ವಾಪಸ್ ಬರಬೇಕು. ಅಲ್ಲಿಂದ ಕೂಲಿಗೆ ಬಂದವನನ್ನ ಇಲ್ಲಿ "ಗಡಿಯಾಚೆಯವನು" ಅಂದರೆ ಅವನು ಏನು ಹೇಳಬೇಕು.

ಇನ್ನು ವಠಾರದ ಮಟ್ಟದಲ್ಲಿ ನೋಡಬೇಕಾದದ್ದು ಮುಖ, ಟೋಪಿ, ಭಾಷೆ ಅಲ್ಲ. ಕೋಣೆ ಹಿಡಿದವನು ಒಬ್ಬ, ಇರುವವನು ಇನ್ನೊಬ್ಬ. ವಾರಕ್ಕೊಮ್ಮೆ ಬದಲಾಗುವ ಜನ, ಕೇಳಿದರೆ ಮೇಸ್ತ್ರಿಗೇ ಹೆಸರು ಗೊತ್ತಿಲ್ಲ. ಯಾವ ಸೈಟಿನಲ್ಲಿ ಕೆಲಸ ಅಂದರೆ ದಿನಕ್ಕೊಂದು ಉತ್ತರ. ಮೂಲ ಕಾರ್ಡು ತೋರಿಸೋಕೆ ತಿಂಗಳಾದರೂ ನೆಪ. ಕೆಲಸಕ್ಕೆ ಸಂಬಂಧವಿಲ್ಲದ ರಾಸಾಯನಿಕ, ಬ್ಯಾಟರಿ, ವೈರುಗಳ ರಾಶಿ. ಇಂಥದ್ದು ಕಂಡರೆ ನೀವೇ ಬಾಗಿಲು ತಟ್ಟಿ ವಿಚಾರಿಸಬೇಡಿ, 112ಕ್ಕೆ ಹೇಳಿ. ವಿಚಾರಿಸಿದರೆ ಹಕ್ಕಿ ಹಾರಿಹೋಗುತ್ತೆ, ಪೊಲೀಸರ ಕೈಗೆ ಖಾಲಿ ಕೋಣೆ ಸಿಗುತ್ತೆ.

ಹೊರಗಿನವರನ್ನ ಬೈಯುವ ಮುಂಚೆ ನಮ್ಮ ಕಡೆಯ ಎರಡು ತೂತು ಮುಚ್ಚಿ. ಒಂದು ಸಿಮ್: ಮೇಸ್ತ್ರಿ ಅಥವಾ ಯಜಮಾನ ತನ್ನ ಹೆಸರಿನಲ್ಲಿ ಸಿಮ್ ತೆಗೆದು ಕೂಲಿಯವರಿಗೆ ಹಂಚೋದು. ಒಬ್ಬರ ಹೆಸರಿನಲ್ಲಿ 9ರ ಮಿತಿ ಇದೆ. ನಿಮ್ಮ ಹೆಸರಿನಲ್ಲಿ ಎಷ್ಟಿವೆ ಅಂತ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿ, ನಿಮ್ಮದಲ್ಲದ್ದನ್ನ ಅಲ್ಲೇ ರದ್ದು ಮಾಡಿಸಿ. ಇನ್ನೊಂದು ಪ್ರಮಾಣಪತ್ರ: ಆಧಾರ್ ನೋಂದಣಿಗೆ, ವಿಳಾಸ ಬದಲಾವಣೆಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷರು, ಶಾಸಕರು, ಗೆಜೆಟೆಡ್ ಅಧಿಕಾರಿ ಸಹಿ ಮಾಡಿ ಕೊಡುವ ನಮೂನೆ ಇದೆ, ಫೋಟೋ ಮೇಲೆ ಅಡ್ಡ ಸಹಿ ಹಾಕಬೇಕು. ಖಾಲಿ ನಮೂನೆಗೆ ಸಹಿ, ಸೀಲು ಹಾಕಿ ಬ್ರೋಕರ್ ಕೈಗೆ ಕೊಟ್ಟರೆ ಬಿಎಸ್‌ಎಫ್ ಗಡಿಯಲ್ಲಿ ಎಷ್ಟು ಕಾದರೂ ಅಷ್ಟೇ. ಮನೆ ಯಜಮಾನರಿಗೂ ಅದೇ ಮಾತು, ನೋಡದ ಮನುಷ್ಯನ ಹೆಸರಿಗೆ ಬಾಡಿಗೆ ಕರಾರು ಬರೆದುಕೊಡಬೇಡಿ.

ಕೋರ್ಟು_ಮೆಟ್ಟಿಲು

ಕಾನೂನಿನ ಕಡೆಯಿಂದ.

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025 ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೇ ಕಾಯ್ದೆ ಹೋದವು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ನಕಲಿ ಪಾಸ್‌ಪೋರ್ಟ್, ವೀಸಾ ಬಳಸಿದರೆ 2ರಿಂದ 7 ವರ್ಷ. ವಿದೇಶಿಯನ್ನು ಉಳಿಸಿಕೊಂಡವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್ ಮಾಹಿತಿ ಕೊಡಬೇಕು. ಲಾಡ್ಜಿನವರು ಈಗಲೂ "ಫಾರ್ಮ್ ಸಿ" ಅನ್ನೋದು ಇದಕ್ಕೇ. ಕೋಲಾರಕ್ಕೆ ಸಂಬಂಧಪಟ್ಟ ಪ್ರಾದೇಶಿಕ ಕಚೇರಿ ಬೆಂಗಳೂರಿನದು. ಸೆಕ್ಯುರಿಟಿ ಕೆಲಸದ ನೇಪಾಳಿಗಳನ್ನ ಇದರಲ್ಲಿ ಸೇರಿಸಿ ಗಾಬರಿಯಾಗಬೇಡಿ, 1950ರ ಒಪ್ಪಂದದಿಂದಾಗಿ ಅವರಿಗೆ ವೀಸಾ ಬೇಡ.

"ನಾನು ವಿದೇಶಿ ಅಲ್ಲ" ಅಂತ ಸಾಬೀತು ಮಾಡುವ ಹೊಣೆ ಹಳೇ ಕಾಯ್ದೆಯಲ್ಲೂ ಹೊಸದರಲ್ಲೂ ಆ ವ್ಯಕ್ತಿಯ ಮೇಲೆಯೇ ಇದೆ. ಕೇಳೋಕೆ ಪೊಲೀಸರಿಗೆ ಅನುಕೂಲ. ಆದರೆ 2024ರ ಜುಲೈನಲ್ಲಿ ಅಸ್ಸಾಮಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೊಂದು ಕಡಿವಾಣ ಹಾಕಿದೆ: ಯಾರನ್ನೋ ದಾರಿಯಲ್ಲಿ ನಿಲ್ಲಿಸಿ "ನೀನು ವಿದೇಶಿ, ಅಲ್ಲ ಅಂತ ತೋರಿಸು" ಅನ್ನುವ ಹಾಗಿಲ್ಲ. ಅನುಮಾನಕ್ಕೆ ಆಧಾರ ಇರಬೇಕು, ಆ ಆಧಾರವನ್ನ ಅವರಿಗೂ ತಿಳಿಸಬೇಕು. ಹೆಸರಿನ ಕಾಗುಣಿತ, ದಿನಾಂಕದ ಸಣ್ಣಪುಟ್ಟ ವ್ಯತ್ಯಾಸವನ್ನೇ ಹಿಡಿದು ವಿದೇಶಿ ಅನ್ನೋಕಾಗಲ್ಲ. ಕಾಗದ_ಪತ್ರ ಅವರು ಹೇಳಿದ ಬೀಬಿ-ಬೇವಾ ಗೋಜಲು ಇಲ್ಲಿ ಕೆಲಸಕ್ಕೆ ಬರುತ್ತೆ.

ಸಂವಿಧಾನದ 14 ಮತ್ತು 21ನೇ ವಿಧಿ "ವ್ಯಕ್ತಿ" ಅನ್ನುತ್ತವೆ, "ಪ್ರಜೆ" ಅನ್ನಲ್ಲ. ಚಕ್ಮಾ ನಿರಾಶ್ರಿತರ ವಿಚಾರದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಅರುಣಾಚಲ ಸರ್ಕಾರಕ್ಕೆ ಹೇಳಿದ್ದು ಇದನ್ನೇ, ಊರಿನವರು ಗುಂಪು ಕಟ್ಟಿ ಓಡಿಸೋಕೆ ಬಂದರೆ ರಾಜ್ಯ ತಡೆಯಬೇಕು ಅಂತ. ಇಲ್ಲಿ ವಾಸಿಸುವ ಹಕ್ಕು ಮಾತ್ರ ಪ್ರಜೆಗೆ ಸೇರಿದ್ದು. ಹೊರಹಾಕಬಾರದು ಅಂತ ಯಾರೂ ಹೇಳಲ್ಲ, ಹೊರಹಾಕೋಕೆ ಒಂದು ದಾರಿ ಇದೆ. ಅನುಮಾನ ಬಂದರೆ ಪೊಲೀಸರು ವಿಳಾಸವನ್ನ ಆ ಜಿಲ್ಲೆಗೆ ಕಳಿಸಿ ಕೇಳ್ತಾರೆ, ಅಲ್ಲಿಯ ಠಾಣೆ ಮನೆಗೆ ಹೋಗಿ ನೋಡಿ ಉತ್ತರ ಬರೆಯುತ್ತೆ. ವಿದೇಶಿ ಅಂತ ಖಚಿತವಾದರೆ ನೆಲಮಂಗಲ ಹತ್ತಿರದ ಸೊಂಡೆಕೊಪ್ಪದಂಥ ಕೇಂದ್ರ, ಆಮೇಲೆ ಆ ದೇಶದಿಂದ "ಹೌದು, ನಮ್ಮವನು" ಅನ್ನುವ ಒಪ್ಪಿಗೆ, ಕೊನೆಗೆ ಗಡಿಯಲ್ಲಿ ಹಸ್ತಾಂತರ. ಒಪ್ಪಿಗೆ ಬರೋದೇ ನಿಧಾನ, ತಿಂಗಳುಗಟ್ಟಲೆ. ಆ ನಿಧಾನಕ್ಕೆ ಬೇಸತ್ತು ಅಡ್ಡದಾರಿ ಹಿಡಿದಾಗ ಏನಾಗುತ್ತೆ ಅನ್ನೋದಕ್ಕೆ 2025ರ ಉದಾಹರಣೆ ಇದೆ. ದೆಹಲಿಯಲ್ಲಿ ಹಿಡಿದ ಬೀರಭೂಮ್‌ನ ಕುಟುಂಬಗಳನ್ನ ಜೂನ್‌ನಲ್ಲಿ ಗಡಿಯಾಚೆ ತಳ್ಳಿಬಿಟ್ಟರು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಕ್ರಮ ರದ್ದು ಮಾಡಿ ವಾಪಸ್ ಕರೆತನ್ನಿ ಅಂದಿತು. ತಳ್ಳೋಕೆ ಹಿಡಿದದ್ದು ದಿನಗಳ ಲೆಕ್ಕ, ತರೋಕೆ ತಿಂಗಳುಗಳು.

ನಮ್ಮ ಕಡೆಯದ್ದೂ ಒಂದಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ "ಬಾಂಗ್ಲಾದವರು" ಅಂತ ಶೆಡ್ಡುಗಳನ್ನ ನೆಲಸಮ ಮಾಡಿದರು. ಅದರಲ್ಲಿದ್ದವರು ಅಸ್ಸಾಂ, ತ್ರಿಪುರಾದವರು, ನಮ್ಮದೇ ಉತ್ತರ ಕರ್ನಾಟಕದವರು. ಕರ್ನಾಟಕ ಹೈಕೋರ್ಟ್ ಅದು ಕಾನೂನುಬಾಹಿರ ಅಂದಿತು.

ಭಾನುವಾರದ ಗುಂಪಿನ ಬಗ್ಗೆ: 5 ಜನ ಸೇರಿ ಬಲವಂತಕ್ಕೆ ಇಳಿದರೆ ಭಾರತೀಯ ನ್ಯಾಯ ಸಂಹಿತೆ 189ರ ಪ್ರಕಾರ ಅಕ್ರಮ ಕೂಟ. ಒಳನುಗ್ಗಿದರೆ 329. ಕಾರ್ಡು ಕೇಳುವ ಅಧಿಕಾರ ಗುಂಪಿಗಿಲ್ಲ. ಹಾಗೆ ಕಿತ್ತುಕೊಂಡ ಕಾರ್ಡುಗಳ ಫೋಟೋ ಗ್ರೂಪಿಗೆ ಹಾಕಿದರೆ ಇನ್ನೊಂದು ನಕಲಿಗೆ ನೀವೇ ಕಚ್ಚಾಮಾಲು ಕೊಟ್ಟ ಹಾಗೆ.

ನರಸಾಪುರ_ವಠಾರ

ತುಂಬಾ ಉಪಕಾರ ಆಯ್ತು. ಇನ್ನೆರಡು ಕೇಳ್ತೀನಿ ಸರ್. ಮೇಸ್ತ್ರಿ "ಮೂಲ ಕಾರ್ಡೆಲ್ಲ ನನ್ನ ಹತ್ರ ಇವೆ, ನಾನೇ ತೋರಿಸ್ತೀನಿ" ಅಂತಾನೆ. ಸರಿನಾ? ಮತ್ತೆ ಠಾಣೆಗೆ ಬರೀ ಜೆರಾಕ್ಸ್ ಕಟ್ಟು ಕೊಟ್ಟರೆ ಸಾಕಾ, ಬೇರೆ ಏನಾದರೂ ಬೇಕಾ? ಮಕ್ಕಳ ವಿಷಯ ಯಾರೂ ಹೇಳಲಿಲ್ಲ.

ಇಟ್ಟಿಗೆ_ಲೆಕ್ಕ_ಮಾಲೂರು

ಮೇಸ್ತ್ರಿಯ ಕೈಯಲ್ಲಿ ಮೂಲ ಕಾರ್ಡು ಇರೋದೇ ಮೊದಲನೇ ಅಪಾಯದ ಗುರುತು. ಮಾಲೂರಿನ ಇಟ್ಟಿಗೆ ಗೂಡು ಇರಲಿ, ಫ್ಯಾಕ್ಟರಿ ಕಟ್ಟಡ ಇರಲಿ, ಮುಂಗಡ ಕೊಟ್ಟು ಕಾರ್ಡು ಹಿಡಿದಿಟ್ಟುಕೊಂಡರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕಡೆಗೇ ಹೋಗುತ್ತೆ. ಭದ್ರತೆಯ ಲೆಕ್ಕದಲ್ಲೂ ನಷ್ಟ: ರಾತ್ರಿ ಬೀಟ್ ಪೊಲೀಸರು ನಿಲ್ಲಿಸಿ ಕೇಳಿದರೆ ಅಸಲಿ ಮನುಷ್ಯನ ಜೇಬಿನಲ್ಲಿ ಏನೂ ಇರಲ್ಲ, ಅವನೇ ಅನುಮಾನಾಸ್ಪದ ಆಗ್ತಾನೆ. ಕಾರ್ಡು ಅವರವರ ಕೈಗೆ ಕೊಡಿಸಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಸ್ಕ್ಯಾನ್ ಮಾಡಿ. ಮೇಸ್ತ್ರಿಯದ್ದೂ ಮಾಡಿ, ಅವನನ್ನ ಬಿಟ್ಟುಬಿಡ್ತಾರೆ ಎಲ್ಲರೂ. ಅವನಿಗೆ ಕೆಲಸ ಕೊಟ್ಟ ಗುತ್ತಿಗೆದಾರನ ಹೆಸರು, ಸೈಟು ಬರೆದುಕೊಳ್ಳಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. 10 ಅಥವಾ ಹೆಚ್ಚು ಅಂತರರಾಜ್ಯ ವಲಸೆ ಕಾರ್ಮಿಕರಿರುವ ಕಡೆ ಅವರ ದಾಖಲೆ ಇಡುವ ಹೊಣೆ ಕೆಲಸ ಕೊಟ್ಟವರದು. ಪೂರ್ತಿ ಭಾರ ವಠಾರದ ಯಜಮಾನನ ತಲೆ ಮೇಲೆ ಬರಬೇಕಾಗಿಲ್ಲ.

ಬೇರೆ ರಾಜ್ಯದವರಿಗೆ ಇಲ್ಲೇ ಸಿಗುವ ಒಂದು ಒಳ್ಳೇ ಪರೀಕ್ಷೆ ಪಡಿತರ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಊರಿನ ಕಾರ್ಡಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಸಿಗುತ್ತೆ. ಯಂತ್ರದ ಮೇಲೆ ಬೆರಳಿಟ್ಟು ಹೊಂದಿದರೆ ಆ ಬೆರಳು, ಆ ಆಧಾರ್, ಆ ಊರಿನ ಪಡಿತರ ಪಟ್ಟಿ ಮೂರೂ ಒಂದೇ ಮನುಷ್ಯನದು ಅಂತಾಯಿತು. ಅವರಿಗೆ ಅಕ್ಕಿ, ನಿಮಗೆ ಖಾತ್ರಿ. ಬೆರಳು ಹೊಂದಲಿಲ್ಲ ಅಂದಮಾತ್ರಕ್ಕೆ ಕಳ್ಳ ಅಲ್ಲ. ಸಿಮೆಂಟು, ಇಟ್ಟಿಗೆ ಕೆಲಸದವರ ಬೆರಳಗೆರೆ ಸವೆದಿರುತ್ತೆ. ಕೈ ತೊಳೆದು, ಒರೆಸಿ, ಬೇರೆ ಬೆರಳಿಟ್ಟು ನೋಡಬೇಕು.

ಠಾಣೆಗೆ ಜೆರಾಕ್ಸ್ ಕಟ್ಟು ಕೊಟ್ಟರೆ ಮೂಲೆ ಸೇರುತ್ತೆ. ಒಂದು ಹಾಳೆಯಲ್ಲಿ ಪಟ್ಟಿ ಮಾಡಿ: ಕೋಣೆ ನಂಬರು, ಹೆಸರು, ತಂದೆ ಹೆಸರು, ಊರು, ಅಂಚೆ, ಅಲ್ಲಿಯ ಪೊಲೀಸ್ ಠಾಣೆ, ಜಿಲ್ಲೆ, ಫೋನು, ಊರಿನಲ್ಲಿರುವ ಒಬ್ಬ ಸಂಬಂಧಿಯ ಫೋನು, ಇಲ್ಲಿ ಬಂದ ದಿನ, ಕೆಲಸದ ಸೈಟು, ಮೇಸ್ತ್ರಿ. ಆಧಾರ್‌ನ ಕೊನೆಯ 4 ಅಂಕಿ ಸಾಕು. "ಅಲ್ಲಿಯ ಪೊಲೀಸ್ ಠಾಣೆ" ಅನ್ನೋ ಕಾಲಂ ಖಾಲಿ ಬಿಡಬೇಡಿ, ಇಲ್ಲಿಂದ ಪತ್ರ ಹೋಗೋದು ಅಲ್ಲಿಗೇ. ಅದು ಇಲ್ಲದ್ದಕ್ಕೇ ಎಷ್ಟೋ ಪರಿಶೀಲನೆ ನಿಂತುಹೋಗೋದು. ಬಂಗಾಳದ ಕಾರ್ಡುಗಳಲ್ಲಿ ವಿಳಾಸದಲ್ಲೇ ಠಾಣೆಯ ಹೆಸರು ಹೆಚ್ಚಾಗಿ ಇರುತ್ತೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಸೀಲು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. 14 ಕೋಣೆಯವರದ್ದೂ ಕೊಡಿ, 9 ಕೋಣೆಯವರದ್ದು ಮಾತ್ರ ಅಲ್ಲ. ಯಾರಾದರೂ ಖಾಲಿ ಮಾಡಿದರೆ, ಹೊಸಬರು ಬಂದರೆ ಅದೇ ವಾರ ತಿದ್ದಿದ ಹಾಳೆ. ಬಂಗಾರಪೇಟೆ, ಕೆಜಿಎಫ್ ಕಡೆಯವರು ಇದನ್ನ ಓದುತ್ತಿದ್ದರೆ, ನಿಮ್ಮ ಎಸ್ಪಿ ಕಚೇರಿ ಬೇರೆ, ಕೋಲಾರಕ್ಕೆ ಬರಬೇಡಿ.

ಮಕ್ಕಳು: 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14ರವರೆಗಿನ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಶಾಲೆ ಪ್ರವೇಶ ನಿರಾಕರಿಸುವ ಹಾಗಿಲ್ಲ. ಅಪ್ಪನ ಕಾಗದದ ತಕರಾರು ಮುಗಿಯುವವರೆಗೆ ಮಗು ಶೆಡ್ಡಿನಲ್ಲಿ ಕೂರಬೇಕಾಗಿಲ್ಲ. ಅಪ್ಪನನ್ನ ಪೊಲೀಸರು ಕರೆದುಕೊಂಡು ಹೋದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು; ಹೆಂಡತಿಗೆ 15100 ನಂಬರ್ ಬರೆದುಕೊಡಿ, ಕಾನೂನು ಸೇವಾ ಪ್ರಾಧಿಕಾರದ್ದು, ವಕೀಲರ ಫೀಸು ಇಲ್ಲ. ಮಕ್ಕಳಿಗೆ 1098. ಆ ಕೋಣೆಗೆ ಬೀಗ ಹಾಕೋದು, ಕರೆಂಟು ನೀರು ಕಟ್ ಮಾಡೋದು ಬೇಡ. ಖಾಲಿ ಮಾಡಿಸಲೇಬೇಕಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್, ಬರಹದಲ್ಲಿ, ಮತ್ತು ಅಡ್ವಾನ್ಸ್ ಲೆಕ್ಕ ಚುಕ್ತಾ.

ಕೋರ್ಟು_ಮೆಟ್ಟಿಲು

ಪಟ್ಟಿಯ ವಿಷಯದಲ್ಲಿ ಒಂದು ಸೇರಿಸ್ತೀನಿ. ಜಿಲ್ಲಾಡಳಿತವೋ ಪೊಲೀಸರೋ ಬಾಡಿಗೆದಾರರ ಮಾಹಿತಿ ಕೊಡಬೇಕು ಅಂತ ಆದೇಶ ಹೊರಡಿಸಿದ್ದರೆ ಕೊಡದಿರೋದು ನ್ಯಾಯ ಸಂಹಿತೆ 223ರ ಅಪರಾಧ. ಆದೇಶ ಇಲ್ಲದಿದ್ದರೂ ಸೀಲು ಬಿದ್ದ ಹಾಳೆ ನಾಳೆ ನಿಮ್ಮನ್ನೇ ಕಾಪಾಡುತ್ತೆ. ಸೀಲು ಹಾಕಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್‌ನಲ್ಲಿ ಠಾಣೆಗೂ ಎಸ್ಪಿ ಕಚೇರಿಗೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕೆಲಸಕ್ಕೆ ಸೇರಿಸುವವರು ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನೂ ಕೇಳಬಹುದು.

ಗಡಿ_ಗೇಟು

ಭಾನುವಾರಕ್ಕೆ ಕಾಯಬೇಡಿ, ಗುರುವಾರದೊಳಗೆ ಪಟ್ಟಿ ಕೊಟ್ಟುಬಿಡಿ, ಠಾಣೆಯವರಿಗೆ ಗ್ರೂಪಿನ ಮೆಸೇಜೂ ತೋರಿಸಿ. ಆಮೇಲೆ ಗ್ರೂಪಿಗೆ ಇಷ್ಟೇ ಹಾಕಿ, ವಾದಕ್ಕಿಳಿಯಬೇಡಿ:

"14 ಕೋಣೆಯ ಎಲ್ಲರ ಮೂಲ ಕಾರ್ಡು ಸ್ಕ್ಯಾನ್ ಆಗಿದೆ. ಪಟ್ಟಿ ಠಾಣೆಗೆ ಕೊಟ್ಟಾಗಿದೆ, ಸೀಲು ಇದೆ. ಅವರವರ ಊರಿನ ಠಾಣೆಗೆ ಬರೆದು ವಿಚಾರಿಸೋದು ಪೊಲೀಸರ ಕೆಲಸ. ಯಾರಿಗಾದರೂ ಇಂಥವನ ಮೇಲೆ, ಇಂಥ ಕಾರಣಕ್ಕೆ ಅನುಮಾನ ಅಂತಿದ್ದರೆ ಹೆಸರು ಹೇಳಿ 112ಕ್ಕೆ ಫೋನ್ ಮಾಡಿ. ಭಾನುವಾರ ವಠಾರಕ್ಕೆ ಬರುವವರು ಬಾಡಿಗೆ ಕೋಣೆ ನೋಡೋಕೆ ಬನ್ನಿ, ಒಂದು ಖಾಲಿ ಇದೆ."